ರೆಫರಿ ನಜ್ಲಾಳ ಒಪ್ಪಿಗೆ

ಬಿಜೆರ್ತ್ ಬಂದರಿನ ಪಕ್ಕದ ನಜ್ಲಾಳ ಮನೆಗೆ ಬರುವವರೆಲ್ಲ ಕಣ್ಣೊರೆಸಿಕೊಳ್ಳುತ್ತಲೇ ಬರುತ್ತಿದ್ದರು. ಹಿಂದೆ ಅವಳೆದುರು ಆಡಿದ್ದ ಆಟಗಾರ ಝುಹೈರ್ ಮಾತ್ರ ಜಗಳಕ್ಕೆ ಬಂದ.

"ಆವತ್ತು ನೀನು ತೋರಿಸಿದ ರೆಡ್ ಕಾರ್ಡು ಅನ್ಯಾಯ," ಎಂದ, ಕೂರುವ ಮೊದಲೇ.

ನಜ್ಲಾಳ ಅಣ್ಣ ಮುನ್ಸಿಫ್ ಹೌಹಾರಿದ. "ತಲೆ ನೆಟ್ಟಗಿದೆಯೇನಯ್ಯಾ? ಅವಳ ಸ್ಥಿತಿ ಕಾಣಿಸಲ್ವಾ?"

ಕಾಣುತ್ತಿತ್ತು. ಹ್ಯಾಂಡ್‌ಬಾಲ್ ಅಂಗಳದಲ್ಲಿ ಒಂದು ಸೀಟಿ ಊದಿ ಆರಡಿ ಗಂಡಸರನ್ನು ನಿಲ್ಲಿಸುತ್ತಿದ್ದ ರೆಫರಿ ನಜ್ಲಾ ಗಾಲಿಕುರ್ಚಿಯಲ್ಲಿದ್ದಳು. ಮೆದುಳಿಗೆ ಆಘಾತವಾದ ಮೇಲೆ ಒಂದು ಬೆರಳೂ ಆಡುತ್ತಿರಲಿಲ್ಲ, ನಾಲಿಗೆಯೂ ಬಿದ್ದುಹೋಗಿತ್ತು. ಉಳಿದದ್ದು ಕಣ್ಣು. ಎದುರಿನ ಪರದೆಯಲ್ಲಿ ಅವಳು ದಿಟ್ಟಿಸಿದ ಅಕ್ಷರವನ್ನು ಕೆಳಗಿನ ಕ್ಯಾಮೆರಾ ಗುರುತಿಸುತ್ತಿತ್ತು. ಮಾತು ಕೂಡಿದಾಗ ಯಂತ್ರ ಅದನ್ನು ವಾರ್ತೆ ಓದುವ ಹೆಂಗಸಿನ ದನಿಯಲ್ಲಿ ಹೇಳುತ್ತಿತ್ತು.

ಅಲ್ಲಿಯವರೆಗೆ ಕಾಯುವ ತಾಳ್ಮೆ ಯಾರಿಗಿತ್ತು? ಎರಡು ಅಕ್ಷರ ಬೀಳುವಷ್ಟರಲ್ಲಿ ಮುನ್ಸಿಫ್, "ನೀರಾ? ದಿಂಬಾ? ಟಿವಿ ಹಾಕ್ಲಾ?" ಎಂದು ಶುರು ಮಾಡುತ್ತಿದ್ದ.

ಝುಹೈರ್ ಕಾದ. ಪುದೀನ ಟೀ ಆರಿ ತಣ್ಣಗಾದರೂ ಅವಳ ಕಣ್ಣನ್ನೇ ನೋಡುತ್ತ ಕೂತ.

"ಗೋಲ್‌ಕೀಪರನ್ನ ಹಿಂದಿನಿಂದ ತಳ್ಳಿದೆ," ಎಂದಿತು ಯಂತ್ರ.

"ತಳ್ಳಲಿಲ್ಲ, ಕಾಲು ಜಾರಿತು!"

ಮತ್ತೆ ಕಾದ.

"ಎರಡೂ ಕೈ ಮುಂದೆ ಮಾಡ್ಕೊಂಡು ಜಾರಿದ್ಯಾ, ಸುಳ್ಳುಗಾರ?"

ಝುಹೈರ್ ಹೊಟ್ಟೆ ಹಿಡಿದುಕೊಂಡು ನಕ್ಕ. ನಜ್ಲಾಳ ಎದೆಯಲ್ಲಿ ಏನೋ ಕುಣಿಯಿತು. ಕಾಯಿಲೆ ಬಿದ್ದ ಮೇಲೆ ಯಾರೂ ಅವಳೊಡನೆ ವಾದಕ್ಕಿಳಿದಿರಲಿಲ್ಲ. ಹೂಂಗುಟ್ಟಿ, ತಲೆ ಸವರಿ, ಎದ್ದು ಹೋಗುತ್ತಿದ್ದರು.

ಇವನು ಮರುದಿನವೂ ಬಂದ. ಅದರ ಮರುದಿನವೂ.

ಒಂದು ಸಂಜೆ ಅವಳು ತಾಯಿಯನ್ನು ಕಾಡಿಸಿ ಕಣ್ಣಿಗೆ ಕಾಡಿಗೆ ಹಚ್ಚಿಸಿಕೊಂಡಳು. ಕಾಡಿಗೆ ಇದ್ದರೆ ಕ್ಯಾಮೆರಾ ತಬ್ಬಿಬ್ಬಾಗುತ್ತದೆಂದು ಗೊತ್ತಿತ್ತು, ಆದರೂ ಹಟ. ಅಂದು ಅಕ್ಷರಗಳೆಲ್ಲ ಎಲ್ಲೆಲ್ಲೋ ಬಿದ್ದವು. ಯಂತ್ರ ಅರ್ಥವಿಲ್ಲದ್ದನ್ನು ಬಡಬಡಿಸಿತು. ನಾಚಿಕೆಯಿಂದ ಅವಳು ಕಣ್ಣು ಮುಚ್ಚಿಕೊಂಡಳು.

"ಕಣ್ಣು ತೆಗಿ," ಎಂದ ಝುಹೈರ್ ಮೆಲ್ಲಗೆ. "ಇವತ್ತು ಮಾತು ಬೇಡ. ನೋಡ್ತಾ ಇರು ಸಾಕು."

ಬೇಸಿಗೆ ಕಳೆಯುವ ಹೊತ್ತಿಗೆ ಅವನು ಮದುವೆಯ ಮಾತೆತ್ತಿದ. ಮುನ್ಸಿಫ್ ಸಿಡಿದ. "ಕನಿಕರಕ್ಕೆ ಮದುವೆ ಆಗ್ತೀಯಾ? ನನ್ನ ತಂಗಿ ಒಪ್ಪಲ್ಲ."

"ಅಣ್ಣಾ," ಎಂದಿತು ಯಂತ್ರ, ತಡವಾಗಿ. "ನಿನ್ನ ತಂಗಿ ಇಲ್ಲೇ ಕೂತಿದಾಳೆ. ಅವಳನ್ನ ಕೇಳು. ಕನಿಕರ ಇರೋನು ವಾದದಲ್ಲಿ ಒಂದು ಸಲನಾದ್ರೂ ಬೇಕಂತ್ಲೇ ಸೋಲ್ತಿದ್ದ."

ಮುನ್ಸಿಫ್ ಮುಖ ತಿರುಗಿಸಿಕೊಂಡ. ಆದರೆ ಮದುವೆಯ ದಿನ ನಗರಸಭೆಗೆ ಅವಳ ಕುರ್ಚಿ ತಳ್ಳಿಕೊಂಡು ಬಂದವನು ಅವನೇ.

ಅಲ್ಲಿ ಮದುವೆ ನೋಂದಾಯಿಸುವ ಅಧಿಕಾರಿ ಪರದೆಯನ್ನು ಅನುಮಾನದಿಂದ ನೋಡಿದರು. "ಯಂತ್ರ ಹೇಳೋದು ಯಾರ ಮಾತು ಅಂತ ನಂಬಲಿ? ಅಣ್ಣ ಇದ್ದಾರಲ್ಲ, ಅವರೇ ಒಪ್ಪಿಗೆ ಹೇಳಿಬಿಡಲಿ."

ಮುನ್ಸಿಫ್ ಬಾಯಿ ತೆರೆದ. ನಜ್ಲಾ ಅವನತ್ತ ಒಮ್ಮೆ ನೋಡಿದಳು, ಅವನ ಬಾಯಿ ಮುಚ್ಚಿತು. ಆಮೇಲೆ ಅವಳ ಕಣ್ಣು ಅಕ್ಷರದಿಂದ ಅಕ್ಷರಕ್ಕೆ ಹರಿಯತೊಡಗಿತು. ಹಿಂದೆ ಸರದಿಯಲ್ಲಿದ್ದ ಜೋಡಿಗಳು ಗೊಣಗಿದರು. ಅವಳು ಅವಸರ ಮಾಡಲಿಲ್ಲ.

"ಸಾಹೇಬ್ರೇ, ನಿಮ್ಮ ಕೋಟಿನ ಗುಂಡಿ ಮೇಲೆ ಕೆಳಗೆ ಆಗಿದೆ. ಅದನ್ನ ನೋಡಿದ್ದು ಯಂತ್ರ ಅಲ್ಲ, ನಾನು. ಈ ಮದುವೆಗೆ ಒಪ್ಪಿದವಳೂ ನಾನೇ. ಬರ್ಕೊಳ್ಳಿ."

ಅಧಿಕಾರಿಯ ಕೈ ಕೋಟಿಗೆ ಹೋಯಿತು. ಗೊಣಗುತ್ತಿದ್ದವರು ಗೊಳ್ಳೆಂದು ನಕ್ಕರು. ಅಧಿಕಾರಿ ಗುಂಡಿ ಸರಿಪಡಿಸಿಕೊಂಡು ಬರೆದುಕೊಂಡರು, ಝುಹೈರ್ ಕಡೆ ತಿರುಗಿದರು. "ನಿಮಗೆ?"

ಝುಹೈರ್‌ಗೆ ಕಣ್ಣು ತುಂಬಿ ಬಂತು, ಮಾತು ಬರಲಿಲ್ಲ. ಎಲ್ಲರೂ ಕಾದರು. ನಜ್ಲಾಳ ಕಣ್ಣು ಪರದೆಯ ಮೇಲೆ ಆಡಿತು.

"ಏನಪ್ಪಾ, ನಿನಗೂ ಒಂದು ಯಂತ್ರ ತರಿಸ್ಲಾ?"

"ಒಪ್ಪಿಗೆ!" ಎಂದು ಝುಹೈರ್ ಕೂಗಿದ್ದು ಕೆಳಗೆ ಬೀದಿಯಲ್ಲಿ ಮೀನು ಮಾರುವವರಿಗೂ ಕೇಳಿಸಿತು.