ಗಾಜಿಗೆ ಹಿಡಿದ ಮಂಜು

ಗಾಜಿಗೆ ಮಂಜು ಹಿಡಿದಿತ್ತು.

ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಪ್ಲಾಸ್ಟಿಕ್ ಗಾಜು ಅದು. ಯುದ್ಧಕಾಲದ ಮಿಲಿಟರಿ ಲಾರಿಯೊಂದರ ಪುಟ್ಟ ಮಾಡೆಲ್‌ನ ಮುಂದಿನ ಗಾಜು. ಮಧ್ಯಾಹ್ನ ತಿಳಿನೀರಿನ ಹಾಗಿದ್ದದ್ದು ಈಗ ಹಾಲು ಚೆಲ್ಲಿ ಒರೆಸಿದ ಹಾಗೆ ಬೆಳ್ಳಗಾಗಿತ್ತು. ಅವನು ಲಾರಿಯನ್ನು ಅಂಗೈ ಮೇಲಿಟ್ಟು ದೀಪಕ್ಕೆ ಹಿಡಿದ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ಬೆಳಗಿನಿಂದ ಯಾರ‍್ಯಾರದೋ ಹಲ್ಲಿನ ಸೆಟ್ಟುಗಳನ್ನು ಉಜ್ಜಿ ಹೊಳಪು ಕೊಟ್ಟು ಸಾಕಾಗಿ ಹೋಗಿತ್ತು. ಇದೊಂದು ಬಾಕಿ ಇತ್ತು, ನೋಡಿ.

“ಇನ್‌ಸ್ಟಂಟ್ ಗಮ್ ಹಾಕಿದ್ರಾ?” ಎಂದು ಕೇಳಿದ.

“ಹೂಂ.”

“ಗಾಜಿಗೆ?”

“ಹೂಂ ಅಂದ್ನಲ್ಲ.”

ಅವಳು ಸ್ಟೂಲಿನ ಮೇಲೆ ಕೂತು ಶೂ ಬಿಚ್ಚಿ, ಒಂದು ಪಾದದಿಂದ ಇನ್ನೊಂದನ್ನು ಒತ್ತಿಕೊಳ್ಳುತ್ತಿದ್ದಳು. ಆಸ್ಪತ್ರೆಯ ನರ್ಸ್. ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ, ಹಲ್ಲಿನ ಸೆಟ್ಟು ಮಾಡುವ ಅವನ ಲ್ಯಾಬಿಗೆ ಬಂದುಬಿಡುವುದು ಅವಳ ರೂಢಿ.

“ಮೊದಲನೇ ದಿನವೇ ಹೇಳಿದ್ದೆ ಮೇಡಂ. ಆ ಗಮ್ಮಿನ ಆವಿ ತಾಗಿದ್ರೆ ಗಾಜಿಗೆ ಮಂಜು ಕೂತುಬಿಡುತ್ತೆ, ಬಿಳಿ ಗೋಂದೇ ಹಚ್ಚಬೇಕು ಅಂತ.”

“ಮರೆತುಹೋಯ್ತು.”

“ವಾರ್ಡ್ ತುಂಬ ಇರೋರ ಮಾತ್ರೆ ಒಂದೂ ಮರೆಯಲ್ಲ, ಇದು ಮರೆತುಹೋಯ್ತಾ?”

ಅವಳು ತಲೆಯೆತ್ತಿ ಅವನನ್ನೇ ನೋಡಿದಳು. ಆ ನೋಟ ಬೇರೆ ಯಾರ ಮೇಲೆ ಬಿದ್ದಿದ್ದರೂ ಅರ್ಥವಾಗುತ್ತಿತ್ತು. ಆದರೆ ಇವನೋ, ಜನರ ಬಾಯಿ ನೋಡಿಯೇ ಬದುಕಿದವನು; ಕಣ್ಣು ಓದಿ ಅಭ್ಯಾಸವಿಲ್ಲ.

ಕಥೆ ಶುರುವಾದದ್ದೂ ಒಂದು ಬಾಯಿಯಿಂದಲೇ, ಅವಳ ಅಪ್ಪನ ಬಾಯಿಯಿಂದ. ಮಿಲಿಟರಿಯಲ್ಲಿ ಲಾರಿ ಓಡಿಸಿದ ಆಸಾಮಿ. ಕುರ್ಚಿಯಲ್ಲಿ ಕೂತರೂ ಎಡಗೈ ತಾನೇ ತಾನಾಗಿ ಗೇರ್ ಬದಲಿಸುತ್ತಿದ್ದುದರಿಂದ ಬೀದಿಯವರೆಲ್ಲ ಗೇರಣ್ಣ ಅನ್ನುತ್ತಿದ್ದರು. ಹೊಸ ಹಲ್ಲಿನ ಸೆಟ್ಟು ಹಾಕಿಸಿಕೊಳ್ಳಲು ಬಂದವನು, ಲ್ಯಾಬಿನ ಶೆಲ್ಫಿನಲ್ಲಿ ಸಾಲಾಗಿ ನಿಂತಿದ್ದ ಪುಟ್ಟ ಲಾರಿಗಳನ್ನು ನೋಡಿ “ಅಯ್ಯೋ, ನನ್ನ ಗಾಡಿಗಳು!” ಎಂದು ಕೂಗಿದ್ದ. ಸೆಟ್ಟು ಬಾಯಿಂದ ಜಾರಿ ಮಡಿಲಿಗೆ ಬಿದ್ದಿತ್ತು. ಮುಂದಿನ ವಾರವೇ ತಾನು ಓಡಿಸಿದಂಥದೇ ಲಾರಿಯ ಬಿಡಿಭಾಗಗಳ ಕಿಟ್ ತರಿಸಿ ಮಗಳ ಕೈಯಲ್ಲಿ ಕಳಿಸಿದ. ನನ್ನ ಕೈ ನಡುಗುತ್ತೆ, ಲ್ಯಾಬಿನ ಮೇಷ್ಟ್ರು ಮಾಡಿಕೊಡಲಿ, ನೀನೂ ಜೊತೆಗೆ ಕೈ ಹಾಕು ಅಂತ ಅಪ್ಪಣೆ.

ಹಾಗೆ ಅವಳು ಬಂದಳು. ಕಿಟ್‌ನ ಪ್ಲಾಸ್ಟಿಕ್ ಚೌಕಟ್ಟಿನಿಂದ ಬಿಡಿಭಾಗ ಕತ್ತರಿಸುವುದು, ಹಲ್ಲು ಕೆರೆಯುವ ಉಪಕರಣದಿಂದಲೇ ಅಂಚು ಕೆರೆಯುವುದು, ಆರೂ ಚಕ್ರ ಸಮನಾಗಿ ನೆಲ ಮುಟ್ಟುತ್ತವೋ ಇಲ್ಲವೋ ಎಂದು ಲಾರಿಯನ್ನು ಕನ್ನಡಿಯ ಮೇಲಿಟ್ಟು ನೋಡುವುದು, ಎಲ್ಲ ಕಲಿತಳು. ಸಣ್ಣ ಹೆಡ್‌ಲೈಟ್ ಕೂರಿಸುವಾಗ ಇಬ್ಬರೂ ಒಟ್ಟಿಗೆ ಉಸಿರು ಬಿಗಿಹಿಡಿಯುತ್ತಿದ್ದರು. ಕೂತಿತು ಅಂದಾಗ ಒಟ್ಟಿಗೇ ಬಿಡುತ್ತಿದ್ದರು. ಆ ಉಸಿರು ಕೆನ್ನೆಗೆ ತಾಗಿದ ದಿನ ಅವನಿಗೆ ಊಟ ಸೇರಿರಲಿಲ್ಲ.

ಲ್ಯಾಬಿನ ಹಿಂದಿನ ಮನೆಯಿಂದ ಟೀ ತರುವ ಅವನ ಅಕ್ಕನ ಕಣ್ಣಿಗೆ ಯಾವುದೂ ತಪ್ಪುತ್ತಿರಲಿಲ್ಲ. “ಊರೆಲ್ಲ ಅವಳನ್ನ ಸಿಸ್ಟರ್ ಅಂತಾರೆ, ನೀನೊಬ್ಬ ಮಾತ್ರ ಮೇಡಂ ಅಂತೀಯಲ್ಲ, ಯಾಕೋ?”

“ಗೌರವ ಅಕ್ಕ.”

“ಹೌದಪ್ಪ, ಗೌರವ! ನಾನೇನು ಕಿವಿಗೆ ಹೂ ಇಟ್ಕೊಂಡಿದೀನಾ?”

ಅವನಿಗೆ ನಗು ಬರಲಿಲ್ಲ. ಹಿಂದೆ ಒಮ್ಮೆ ನಿಶ್ಚಯವಾದ ಮದುವೆ ಮುರಿದುಬಿದ್ದಿತ್ತು. ತಲೆ ಅರ್ಧ ನರೆತ ಮೇಲೆ ಮತ್ತೆ ಆಸೆಪಡುವುದೆಂದರೆ, ಇಳಿದು ಬಂದ ಮೆಟ್ಟಿಲನ್ನೇ ಮತ್ತೆ ಹತ್ತಿದ ಹಾಗೆ ಅನ್ನಿಸುತ್ತಿತ್ತು. ಅದೂ ಅಲ್ಲದೆ ಬೇರೆ ಊರಿನಲ್ಲಿದ್ದ ಅವಳ ಅಣ್ಣ, ಅಪ್ಪ ಮಗಳು ಇಬ್ಬರೂ ತನ್ನ ಮನೆಗೇ ಬಂದಿರಲಿ ಎಂದು ಪಟ್ಟುಹಿಡಿದಿದ್ದ. ಅವಳಿಗೆ ಅಲ್ಲೇ ಆಸ್ಪತ್ರೆ ಕೆಲಸವನ್ನೂ ನೋಡಿಟ್ಟಿದ್ದ. ಗೇರಣ್ಣ ಒಂದೇ ಮಾತು ಹೇಳಿದ್ದ: “ಲಾರಿ ಮುಗೀಲಿ, ಹೊರಡೋಣ.”

ಲಾರಿಗೆ ಉಳಿದಿದ್ದದ್ದು ಈ ಗಾಜೊಂದೇ.

“ಹೊಸ ಗಾಜು ತರಿಸಬೇಕು. ಬರೋಕೆ ತಿಂಗಳಾಗುತ್ತೆ,” ಎಂದ ಅವನು.

ಸುಳ್ಳು. ಕೂದಲೆಳೆಯ ಬ್ರಷ್ಷಿನಲ್ಲಿ ಒಂದು ಹನಿ ವಾರ್ನಿಷ್ ಸವರಿದರೆ ಆ ಮಂಜು ಮಾಯವಾಗುತ್ತದೆ. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು. ಸುಳ್ಳು ಬಾಯಿಂದ ಜಾರಿತು, ಅವಳ ಮುಖ ಅರಳಿತು. ಆದರೆ ಮನಸ್ಸಾಕ್ಷಿ ಅನ್ನುವುದೊಂದಿದೆಯಲ್ಲ, ಬೇಡದ ಹೊತ್ತಿನಲ್ಲೇ ಕುಟುಕುತ್ತದೆ.

“ಅಲ್ಲಿವರೆಗೂ ನೀವು ಕಾಯೋದು ಬೇಡ. ಹೊರಡಿ. ಆಮೇಲೆ ನಾನೇ ಪಾರ್ಸೆಲ್ ಮಾಡಿ ಕಳಿಸ್ತೀನಿ.”

ಅರಳಿದ ಮುಖ ಬಾಡಿಹೋಯಿತು. “ನಮ್ಮನ್ನ ಸಾಗಹಾಕೋಕೆ ಅದೆಷ್ಟು ಅವಸರ ನಿಮಗೆ!” ಎಂದವಳೇ ಶೂ ಏರಿಸಿಕೊಂಡು, ಲೇಸ್ ಕೂಡ ಕಟ್ಟದೆ ಹೊರಟುಹೋದಳು.

ಅವನು ಮೇಜು ಒರೆಸತೊಡಗಿದ. ಬಿಳಿ ಗೋಂದಿನ ಬಾಟಲಿಯ ಮುಚ್ಚಳ ತೆರೆದಿತ್ತು, ಪಕ್ಕದಲ್ಲಿ ಹಸಿ ಬ್ರಷ್ಷು. ಇದೇಕೆ ಹೊರಗೆ ಬಂತು? ಲಾರಿಯನ್ನು ಮತ್ತೆ ಎತ್ತಿ ನೋಡಿದ. ಗಾಜಿನ ಅಂಚಿಗೆ ಬಿಳಿ ಗೋಂದೇ ಇತ್ತು, ಅವನು ಕಲಿಸಿದ ಹಾಗೆಯೇ, ಎಳೆಯಷ್ಟು ನವಿರಾಗಿ.

ಮೇಜಿನ ಮೂಲೆಯಲ್ಲಿ, ಹಲ್ಲಿನ ಅಚ್ಚಿಗೆ ಪ್ಲಾಸ್ಟರ್ ಕಲಸುವ ರಬ್ಬರ್ ಬಟ್ಟಲು ಬೋರಲಾಗಿ ಬಿದ್ದಿತ್ತು. ಎತ್ತಿದ. ಒಳಗೆ ಒಂದು ಬಾಟಲಿ ಮುಚ್ಚಳ, ಅದರಲ್ಲಿ ಗಟ್ಟಿಯಾಗಿದ್ದ ಇನ್‌ಸ್ಟಂಟ್ ಗಮ್.

ಬಟ್ಟಲನ್ನೂ ಲಾರಿಯನ್ನೂ ಅಕ್ಕಪಕ್ಕ ಹಿಡಿದು ನೋಡಿದ. ತಾನು ಆಚೆ ಸೆಟ್ಟು ಉಜ್ಜುತ್ತಿದ್ದಾಗ ಗಾಜನ್ನು ಸರಿಯಾಗಿಯೇ ಅಂಟಿಸಿ, ಆಮೇಲೆ ಗಮ್ ಮತ್ತು ಲಾರಿ ಎರಡನ್ನೂ ಬಟ್ಟಲಿನಡಿ ಮುಚ್ಚಿಟ್ಟು, ಆವಿ ಹಿಡಿಸಿದ್ದಾಳೆ. ಬೇಕಂತಲೇ.

“ಏನೋ ಅದು, ಬಟ್ಟಲು ಹಿಡ್ಕೊಂಡು ಒಬ್ಬನೇ ನಗ್ತಿದ್ದೀಯ?” ಖಾಲಿ ಲೋಟ ತೆಗೆದುಕೊಳ್ಳಲು ಬಂದ ಅಕ್ಕ ಕೇಳಿದಳು.

“ಅಕ್ಕ, ಅವಳು ಗಾಜು ಬೇಕಂತಲೇ ಕೆಡಿಸಿದಾಳೆ.”

“ಅಬ್ಬ! ಅಂತೂ ಕಣ್ಣು ಬಿಟ್ಟೆಯಲ್ಲ ಮಹರಾಯ. ಓಡು, ಬಸ್ಸು ಬಂದುಬಿಡುತ್ತೆ.”

ಏಪ್ರನ್ ಬಿಚ್ಚಲಿಲ್ಲ. ಲಾರಿಯನ್ನು ಎರಡೂ ಕೈಯಲ್ಲಿ ಹಿಡಿದೇ ಓಡಿದ. ಬಸ್ ಸ್ಟಾಪಿನ ಬೆಂಚಿನಲ್ಲಿ ಅವಳು ಕಣ್ಣುಮುಚ್ಚಿ ಕೂತಿದ್ದಳು. ಲೇಸುಗಳು ಇನ್ನೂ ಬಿಚ್ಚಿಯೇ ಇದ್ದವು.

“ಬಟ್ಟಲು ಎತ್ತಿ ನೋಡಿದೆ,” ಎಂದ ಏದುಸಿರು ಬಿಡುತ್ತ.

ಅವಳು ಕಣ್ಣು ತೆರೆದಳು. ಕೆನ್ನೆ ಕೆಂಪಾಯಿತು, ಆದರೂ ದನಿ ಬಿಗಿಯಾಗಿಯೇ ಇತ್ತು. “ನೋಡಿದ್ರೆ ನೋಡಿ. ಲಾರಿ ಮುಗಿದ್ರೆ ಹೊರಡಬೇಕು. ನೀವೋ, ಊರಿಗೆಲ್ಲ ಹಲ್ಲು ಕಟ್ಟಿಕೊಟ್ಟು ಬಾಯಿ ಸರಿ ಮಾಡ್ತೀರಿ, ನಿಮ್ಮ ಬಾಯಿಂದ ಮಾತ್ರ ಒಂದು ಮಾತು ಹೊರಡಲ್ಲ. ನಾನೇನು ಮಾಡ್ಲಿ?”

“ನಾನೂ ಸುಳ್ಳು ಹೇಳ್ದೆ. ಒಂದು ಹನಿ ವಾರ್ನಿಷ್ ಸವರಿದ್ರೆ ಈ ಮಂಜು ಹೋಗುತ್ತೆ.”

“ಮತ್ತೆ ತಿಂಗಳು ಅಂದ್ರಲ್ಲ?”

“ಒಂದು ತಿಂಗಳಾದ್ರೂ ಸಿಗಲಿ ಅಂತ.”

ಅವಳಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. “ಕಳ್ಳ!”

ಅವನು ಪಕ್ಕದಲ್ಲಿ ಕೂತ. “ಆಸೆಪಟ್ಟು ಪಟ್ಟು ಸುಸ್ತಾಗಿದೆ ನನಗೆ. ಅದಕ್ಕೇ ಕೇಳಲಿಲ್ಲ.”

“ನನಗೂ ಸುಸ್ತೇ. ಬೆಳಗಿನಿಂದ ನಿಂತೇ ಇರ್ತೀನಿ. ಸುಸ್ತಾದೋರು ಇಬ್ಬರೂ ಒಂದೇ ಕಡೆ ಕೂತ್ಕೋಬಾರದಾ?”

“ಹೋಗಬೇಡ,” ಎಂದ. ನೀವು ಹೋಗಿ ನೀನು ಆಗಿದ್ದು ಅವನಿಗೇ ತಿಳಿಯಲಿಲ್ಲ. “ನನ್ನ ಮದುವೆಯಾಗು. ಅಪ್ಪನೂ ನಮ್ಮ ಜೊತೆಗೇ ಇರಲಿ.”

ಅವಳು ತಲೆಯನ್ನು ಅವನ ಹೆಗಲಿಗೆ ಒರಗಿಸಿದಳು. ಬಸ್ಸು ಬಂತು, ನಿಂತಿತು, ಹೋಯಿತು. ಇಬ್ಬರಿಗೂ ಏಳಲು ಮನಸ್ಸಾಗಲಿಲ್ಲ.

ಮುಂದಿನ ಬಸ್ಸಿನಲ್ಲಿ ಇಬ್ಬರೂ ಗೇರಣ್ಣನ ಮುಂದೆ ಹೋಗಿ ತಪ್ಪಿತಸ್ಥರ ಹಾಗೆ ನಿಂತರು. ಮುದುಕ ಲಾರಿಯನ್ನು ಮೂಗಿನ ಹತ್ತಿರ ಹಿಡಿದು ಗಾಜನ್ನು ನೋಡಿದ, ನೋಡುತ್ತಲೇ ಇದ್ದ.

“ಸರಿ ಮಾಡಿಕೊಡ್ತೀನಿ,” ಎಂದ ಅವನು.

“ಮುಟ್ಟಬೇಡಿ ಮೇಷ್ಟ್ರೇ! ಯುದ್ಧದಲ್ಲಿ ಗಾಜು ಯಾವತ್ತು ತಿಳಿಯಾಗಿತ್ತು? ಬರೀ ಧೂಳು. ವೈಪರ್ ಓಡಿದಷ್ಟು ಜಾಗದಲ್ಲಿ ದಾರಿ ಕಾಣ್ತಿತ್ತು, ಅಷ್ಟರಲ್ಲೇ ನಡೀತಿತ್ತು. ಇದು ನನ್ನ ಲಾರಿ ಕಣಯ್ಯ. ಮುಗೀತು.”

ಮುಗೀತು ಅಂದ ಕೂಡಲೇ ಅವಳ ಕೈ ಅವನ ಏಪ್ರನ್ನಿನ ತುದಿಯನ್ನು ಗಟ್ಟಿಯಾಗಿ ಹಿಡಿಯಿತು. ಮುದುಕ ಆ ಕೈಯನ್ನು ನೋಡಿದ, ಮಗಳ ಮುಖ ನೋಡಿದ.

“ಅಣ್ಣನಿಗೆ ಫೋನ್ ಮಾಡು,” ಎಂದ. “ಅಪ್ಪ ಇಲ್ಲೇ ಗಾಡಿ ನಿಲ್ಲಿಸಿದಾನೆ ಅಂತ ಹೇಳು.”

ಅವನ ಎಡಗೈ ಗಾಳಿಯಲ್ಲಿ ಗೇರನ್ನು ನ್ಯೂಟ್ರಲ್ಲಿಗೆ ತಂದಿತು. ಆಮೇಲೆ ನಿಧಾನವಾಗಿ ಹ್ಯಾಂಡ್‌ಬ್ರೇಕ್ ಎಳೆಯಿತು.