ಅಜ್ಜಿಯ ಫೈಲಿಗೆ ಬಿದ್ದ ಬೀಗ

"ಏ ಅರ್ಷಿತಾ! ಬಾರೇ ಇಲ್ಲಿ! ಈ ಕಂಪ್ಯೂಟ್ರು ನನ್ನೇ ಯಾರು ಅಂತ ಕೇಳ್ತಾ ಐತೆ!"

ಹರ್ಷಿತಾ ಅಡುಗೆಮನೆ ಬಾಗಿಲ ಹಿಂದೆ ನಿಂತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆದರೂ ನಗು ಮೂಗಿನಿಂದ ಬುಸ್ ಎಂದು ಹೊರಗೆ ಬಂತು. ಅಜ್ಜಿಯ ಬಾಯಲ್ಲಿ 'ಹ' ಯಾವತ್ತೂ ನಿಲ್ಲುವುದಿಲ್ಲ. ಮೊಮ್ಮಗಳ ಹೆಸರಿನಲ್ಲೂ ನಿಲ್ಲುವುದಿಲ್ಲ.

"ಬಂದೆ ಅಜ್ಜಿ" ಎಂದು ಕೂಗಿ, ಮುಖವನ್ನು ಸರಿ ಮಾಡಿಕೊಂಡು, ಬೇಕೆಂದೇ ನಿಧಾನವಾಗಿ ಮುಂದಿನ ರೂಮಿಗೆ ಹೋದಳು.

ಅಮೃತಹಳ್ಳಿಯ ಆ ಮನೆಯ ಮುಂದಿನ ರೂಮೇ ಅಜ್ಜಿಯ ಆಫೀಸು. ಬೋರ್ಡಿನಲ್ಲಿ 'ಆಸರೆಮನೆ ಟ್ರಸ್ಟ್' ಎಂದಿದ್ದರೂ ಬೀದಿಯವರಿಗೆಲ್ಲ ಅದು 'ವೀಲ್‌ಚೇರ್ ಆಫೀಸು'. ಕಾಲು ಮುರಿದವರಿಗೆ, ಆಪರೇಷನ್ ಆದವರಿಗೆ ವೀಲ್‌ಚೇರು, ವಾಕರು, ಊರುಗೋಲು ಎಲ್ಲ ಅಲ್ಲಿ ಸಿಗುತ್ತದೆ. ದುಡ್ಡು ಕೊಡಬೇಕಾಗಿಲ್ಲ. ಗುಣವಾದ ಮೇಲೆ ವಾಪಸು ತಂದುಕೊಟ್ಟರೆ ಸಾಕು. ತಾತ ಹಾಸಿಗೆ ಹಿಡಿದಾಗ ತಂದಿದ್ದ ಒಂದು ವೀಲ್‌ಚೇರಿನಿಂದ ಅಜ್ಜಿ ಇದನ್ನು ಶುರು ಮಾಡಿದ್ದರು. ಈಗ ಹನ್ನೊಂದು ವೀಲ್‌ಚೇರುಗಳಿವೆ.

ಯಾವ ಚೇರು ಯಾರ ಮನೆಯಲ್ಲಿದೆ, ಯಾವತ್ತು ವಾಪಸು ಬರಬೇಕು, ಅವರ ಫೋನ್ ನಂಬರ್ ಏನು ಎಂಬುದೆಲ್ಲ ಮೊದಲು ನೋಟ್‌ಬುಕ್ಕಿನಲ್ಲಿತ್ತು. ಒಂದು ನೋಟ್‌ಬುಕ್ಕನ್ನು ಗೆದ್ದಲು ತಿಂದ ಮೇಲೆ ಕಾಶಿನಾಥ ಬಂದ. ಚಿಕ್ಕ ಚಿಕ್ಕ ಸಂಸ್ಥೆಗಳಿಗೆ ಕಂಪ್ಯೂಟರ್ ತಂದುಕೊಟ್ಟು, ಕಲಿಸಿ, ಕೆಟ್ಟರೆ ರಿಪೇರಿಯನ್ನೂ ಮಾಡಿಕೊಡುವ ಒಂದು ಗುಂಪಿನವನು. ವಾರವೆಲ್ಲ ಎಲ್ಲೋ ಕೆಲಸ ಮಾಡುತ್ತಾನೆ, ಶನಿವಾರ ಬೆಳಗ್ಗೆ ಇಲ್ಲಿಗೆ ಬರುತ್ತಾನೆ. ಯಾವುದೋ ಕಂಪನಿ ಬೇಡವೆಂದಿದ್ದ ಕಂಪ್ಯೂಟರೊಂದನ್ನು ತಂದು, ನೋಟ್‌ಬುಕ್ಕಿನಲ್ಲಿ ಇದ್ದದ್ದನ್ನೆಲ್ಲ 'ಲಿಸ್ಟ್' ಎಂಬ ಫೈಲಿಗೆ ಹಾಕಿಕೊಟ್ಟಿದ್ದ. ಎರಡು ತಿಂಗಳಿನಿಂದ ಅಜ್ಜಿ ಅದರಲ್ಲೇ, ಒಂದೇ ಬೆರಳಿನಲ್ಲಿ, ಟಕ್... ಟಕ್... ಎಂದು ಬರೆಯುತ್ತಿದ್ದರು.

ಆ ಫೈಲೇ ಈಗ ಪಾಸ್‌ವರ್ಡ್ ಕೇಳುತ್ತಿತ್ತು.

"ನಿನ್ನೆ ತಂಕ ಸರಿಯಾಗೇ ಇತ್ತಲ್ಲೇ" ಎಂದರು ಅಜ್ಜಿ.

ಹರ್ಷಿತಾ ಸ್ಕ್ರೀನಿನ ಹತ್ತಿರ ಬಗ್ಗಿ, ಡಾಕ್ಟರಂತೆ "ಹೂಂ..." ಎಂದಳು. "ತುಂಬಾ ಕಷ್ಟದ ಪ್ರಾಬ್ಲಮ್ ಅಜ್ಜಿ ಇದು. ನಾನು ಟ್ರೈ ಮಾಡ್ಬಹುದು. ಆದ್ರೆ ಟಿವಿ ನೋಡ್ದೆ ನನ್ ಮೈಂಡೇ ಓಡ್ತಿಲ್ಲ."

ಟಿವಿ ನಿಂತದ್ದು ನಿನ್ನೆ ಸಂಜೆ. ಆಫೀಸಿನಲ್ಲಿ ಉಳಿದಿದ್ದ ಒಂದೇ ಒಂದು ವೀಲ್‌ಚೇರಿನಲ್ಲಿ ಕೂತು ಹರ್ಷಿತಾ ಬೀದಿಯ ಇಳಿಜಾರಿನಲ್ಲಿ ಜುಂಯ್ ಎಂದು ಇಳಿದಿದ್ದಳು. ಚೇರು ಹಾಲಿನ ಬೂತಿಗೆ ಗುದ್ದಿ, ಮುಂದಿನ ಪುಟ್ಟ ಚಕ್ರ ಸೊಟ್ಟಗಾಯಿತು. ಅಜ್ಜಿ ಅವಳ ಕಿವಿ ಹಿಂಡಿದರು. ಹದಿನೆಂಟು ವಾಕರುಗಳನ್ನು ಒರೆಸಲು ಬಟ್ಟೆ ಕೊಟ್ಟರು. ಒಂದು ವಾರ ಟಿವಿ ಇಲ್ಲ ಎಂದರು. ಆಮೇಲೆ ತರಕಾರಿ ತರಲು ಹೋದರು.

ಹದಿಮೂರನೇ ವಾಕರು ಒರೆಸುವಾಗ ಹರ್ಷಿತಾಳ ಕಣ್ಣು ಕಂಪ್ಯೂಟರಿನ ಮೇಲೆ ಬಿತ್ತು. ಫೈಲಿಗೆ ಬೀಗ ಹಾಕುವುದು ಹೇಗೆಂದು ಕಾಶಿಯಣ್ಣನೇ ಹೋದ ವಾರ ತೋರಿಸಿದ್ದ. "ಜನರ ಫೋನ್ ನಂಬರ್ ಇರುತ್ತಲ್ವಾ, ಲಾಕ್ ಇರ್ಬೇಕು. ನೆಕ್ಸ್ಟ್ ವೀಕ್ ಹಾಕೋಣ" ಎಂದಿದ್ದ. ಹರ್ಷಿತಾ ಒಂದು ದಿನ ಮೊದಲೇ ಹಾಕಿದಳು.

ಈಗ ಅಜ್ಜಿ ಯೋಚನೆ ಮಾಡುತ್ತಿದ್ದರು. "ಟಿವಿನಾ? ಅರ್ಧ ಗಂಟೆ ಆದ್ರೆ..."

"ಒಂದು ಗಂಟೆ" ಎಂದಳು ಹರ್ಷಿತಾ.

ಅಷ್ಟರಲ್ಲಿ ಹೊರಗೆ ಬೈಕ್ ನಿಂತ ಸದ್ದಾಯಿತು. ಕಾಶಿನಾಥ! ಹತ್ತು ಗಂಟೆಗೆ ಬರುವವನು ಒಂಬತ್ತೂವರೆಗೇ ಬಂದಿದ್ದ.

"ಬಾರಪ್ಪ, ದೇವ್ರು ಬಂದಂಗೆ ಬಂದೆ" ಎಂದು ಅಜ್ಜಿ ಕುರ್ಚಿ ಬಿಟ್ಟುಕೊಟ್ಟರು.

ಹರ್ಷಿತಾ ಕಂಪ್ಯೂಟರಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಬೀಗ ತೆಗೆಯುವುದು ಸುಲಭ, ಒಂದೇ ನಿಮಿಷದ ಕೆಲಸ. ಆದರೆ ಆ ಪಾಸ್‌ವರ್ಡನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. ಅಜ್ಜಿಗಂತೂ ಖಂಡಿತ ಹೇಳುವ ಹಾಗಿರಲಿಲ್ಲ.

"ಅಜ್ಜಿ, ಹಾಲು ಉಕ್ತಾ ಇದೆ!" ಎಂದಳು. ಅಜ್ಜಿ ಒಳಗೆ ಓಡಿದರು.

"ಕಾಶಿಯಣ್ಣ, ನಿಮ್ ಬೈಕ್ ಸೀಟನ್ನ ಹಸು ತಿಂತಾ ಇದೆ!"

ಕಾಶಿನಾಥ ಕೂತಲ್ಲೇ ಕತ್ತು ಚಾಚಿ ಕಿಟಕಿಯಿಂದ ನೋಡಿದ. "ಎಲ್ಲಿ ಹಸು?"

"ಹೋಯ್ತು ಅನ್ಸುತ್ತೆ."

"ಒಲೇನೇ ಅಚ್ಚಿಲ್ವಲ್ಲೇ!" ಎನ್ನುತ್ತ ಅಜ್ಜಿ ವಾಪಸು ಬಂದರು.

ಕಾಶಿನಾಥ 1234 ಹೊಡೆದ. ಅಮೃತಹಳ್ಳಿ ಎಂದು ಹೊಡೆದ. ಅಜ್ಜಿಯ ಪೂರ್ತಿ ಹೆಸರು ಮುನಿನಾರಾಯಣಮ್ಮ ಎಂದು ಮೂರು ಥರದ ಸ್ಪೆಲ್ಲಿಂಗಿನಲ್ಲಿ ಹೊಡೆದ. ಫೈಲು ತೆರೆಯಲಿಲ್ಲ.

"ಕಂಪ್ಯೂಟರ್ ಲಾಕ್ ಆಗಿದ್ರೆ ನಾನು ಹೇಗಾದ್ರೂ ತೆಗೀತಿದ್ದೆ" ಎಂದ. "ಇದು ಫೈಲಿಗೇ ಹಾಕಿರೋದು. ಪಾಸ್‌ವರ್ಡ್ ಗೊತ್ತಿಲ್ದೆ ಓಪನ್ ಆಗಲ್ಲ. ತಾನಾಗೇ ಬೀಳೋದೂ ಇಲ್ಲ ಅಜ್ಜಿ. ಯಾರೋ ಹಾಕಿದಾರೆ."

ಹರ್ಷಿತಾ ಒಂದು ಊರುಗೋಲು ಎತ್ತಿಕೊಂಡು ಅದರ ತುದಿಯ ರಬ್ಬರನ್ನು ಬಹಳ ಗಮನ ಕೊಟ್ಟು ನೋಡತೊಡಗಿದಳು.

"ನಾನೇ ಇರ್ಬೇಕು ಕಣಪ್ಪ" ಎಂದರು ಅಜ್ಜಿ. "ನಿನ್ನೆ ಬರೀವಾಗ ಏನೋ ಒತ್ತಿಬಿಟ್ಟೆ ಅಂತ ಕಾಣ್ತದೆ."

ಆಗಲೇ ಖಾಕಿ ಅಂಗಿಯ ಒಬ್ಬರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಹೊರಗೆ ಅವರ ಆಟೋ ನಿಂತಿತ್ತು.

"ಅಮ್ಮಾ, ನನ್ ಹೆಸ್ರು ಜಾಫರ್. ಆರ್.ಟಿ. ನಗರದಿಂದ ಬಂದೆ. ನಮ್ ಅಮ್ಮೀಗೆ ಸೊಂಟದ ಆಪರೇಷನ್ ಆಗಿದೆ. ಒಂದು ಗಂಟೆಗೆ ಡಿಸ್ಚಾರ್ಜ್. ಒಂದು ವೀಲ್‌ಚೇರ್ ಬೇಕಿತ್ತು."

ಅಜ್ಜಿ ಮೂಲೆಯಲ್ಲಿದ್ದ ಸೊಟ್ಟ ಚಕ್ರದ ಚೇರನ್ನು ನೋಡಿದರು. ಹರ್ಷಿತಾಳೂ ನೋಡಿದಳು. ಅಜ್ಜಿ ಅದನ್ನು ಮುರಿದದ್ದು ಯಾರೆಂದು ಹೇಳಲಿಲ್ಲ. "ಅದು ರಿಪೇರಿಗೈತೆ ಕಣಪ್ಪ. ಬಾಕಿ ಅತ್ತು ಚೇರೂ ಜನರ ಮನೇಲವೆ. ಒಂದೆರಡು ವಾಪ್ಸು ಕೊಡೋ ಟೈಮ್ ಆಗೈತೆ. ಯಾರ್ದು ಅನ್ನೋದು ಇದ್ರೊಳಗೈತೆ" ಎಂದು ಕಂಪ್ಯೂಟರಿನ ತಲೆ ಮುಟ್ಟಿದರು.

ಕಾಶಿನಾಥ ತನ್ನ ಪೆನ್‌ಡ್ರೈವ್ ತೆಗೆದ. ಅದರಲ್ಲಿ ಎರಡು ವಾರದ ಹಿಂದಿನ ಕಾಪಿ ಇತ್ತು. ಅದನ್ನು ನೋಡಿ ಬ್ಯಾಟರಾಯನಪುರದ ಒಬ್ಬರಿಗೆ ಫೋನ್ ಮಾಡಿದ. "ನಾವು ಆಗ್ಲೇ ವಾಪಸ್ ಕೊಟ್ವಲ್ಲಾ?" ಎಂದರು ಅವರು. ಇನ್ನೊಬ್ಬರೂ ಹಾಗೆಯೇ ಹೇಳಿದರು. ಆ ಚೇರುಗಳು ಈಗ ಬೇರೆ ಯಾರದೋ ಮನೆ ಸೇರಿದ್ದವು. ಯಾರ ಮನೆ ಎಂಬುದು ಹೊಸ ಫೈಲಿಗೆ ಮಾತ್ರ ಗೊತ್ತಿತ್ತು.

"ನಮ್ ಗಲ್ಲಿ ಒಳಗೆ ಆಟೋ ಹೋಗಲ್ಲ ಅಮ್ಮಾ" ಎಂದರು ಜಾಫರ್. "ಅಮ್ಮಿ ಬಿದ್ದಾಗ ನಾನೂ ನಮ್ ತಮ್ಮನೂ ಪ್ಲಾಸ್ಟಿಕ್ ಕುರ್ಚೀಲಿ ಕೂರ್ಸಿ ಎತ್ಕೊಂಡು ಬಂದ್ವಿ. ದಾರಿಯೆಲ್ಲಾ ಅಳ್ತಿದ್ರು. ಇವತ್ತೂ ಹಂಗೇ ಎತ್ಬೇಕು ಅಂದ್ರೆ..."

ಅಜ್ಜಿ ತಮ್ಮ ಬಲಗೈಯನ್ನು ಮುಖದ ಮುಂದೆ ಹಿಡಿದು ನೋಡಿಕೊಂಡರು. ಟಕ್ ಟಕ್ ಎಂದು ಹೊಡೆಯುವ ಆ ಬೆರಳನ್ನು ಎಡಗೈಯಿಂದ ಒಂದು ಏಟು ಹೊಡೆದರು. "ಈ ವಯಸ್ಸಲ್ಲಿ ಕಂಪ್ಯೂಟ್ರು ಬೇಕಿತ್ತಾ ನಂಗೆ? ಕಾಶಿ, ಇದನ್ನ ಎತ್ಕೊಂಡೋಗ್ಬಿಡಪ್ಪ. ನಾಳೆಯಿಂದ ನಾನು ನೋಟ್‌ಬುಕ್ಕಲ್ಲೇ ಬರ್ಕೊತೀನಿ."

ಹರ್ಷಿತಾಳ ಕೈಯಲ್ಲಿದ್ದ ಊರುಗೋಲು ದಡ್ ಎಂದು ಕೆಳಗೆ ಬಿತ್ತು.

"ನಂಗೆ ಗೊತ್ತು ಪಾಸ್‌ವರ್ಡು" ಎಂದಳು.

ಮೂವರೂ ಅವಳತ್ತ ತಿರುಗಿದರು.

"ನಾನೇ ಹಾಕಿದ್ದು. ನಿನ್ನೆ. ಈಗ ತೆಗೀತೀನಿ. ನೀವೆಲ್ಲಾ ಆ ಕಡೆ ತಿರುಗಿ."

"ಯಾಕ್ ತಿರುಗ್ಬೇಕು?" ಎಂದರು ಅಜ್ಜಿ. ದನಿ ಏರಲಿಲ್ಲ. ಹರ್ಷಿತಾಗೆ ಅದರಿಂದಲೇ ಹೆಚ್ಚು ಹೆದರಿಕೆಯಾಯಿತು. "ನನ್ ಫೈಲು. ನಾನೇ ಒತ್ತೀನಿ. ನೀನು ಒಂದೊಂದೇ ಅಕ್ಸರ ಏಳು."

"ಟೈಪ್ ಮಾಡಿದ್ರೆ ಬರೀ ಚುಕ್ಕೆ ಕಾಣುತ್ತೆ ಅಜ್ಜಿ" ಎಂದ ಕಾಶಿನಾಥ. "ತಪ್ಪಾದ್ರೆ ಗೊತ್ತಾಗಲ್ಲ. ಮೊದಲು ಪೇಪರಲ್ಲಿ ಬರ್ಕೊಳಿ."

ಕಾಶಿಯಣ್ಣ ಸುಮ್ಮನಿರಬಾರದಿತ್ತೇ ಎಂದುಕೊಂಡಳು ಹರ್ಷಿತಾ. ಅಜ್ಜಿ ಹಳೆಯ ಕ್ಯಾಲೆಂಡರ್ ಹಾಳೆ ತಿರುಗಿಸಿ, ಪೆನ್ಸಿಲ್ ಹಿಡಿದು ಕೂತರು.

"ಎ" ಎಂದಳು ಹರ್ಷಿತಾ. "ಜೆ. ಇನ್ನೊಂದು ಜೆ. ಐ."

ಅಜ್ಜಿ ದೊಡ್ಡದಾಗಿ ಬರೆದು ಓದಿದರು. "ಅ... ಜ್ಜಿ. ಅಜ್ಜಿ! ನನ್ ಮೇಲೇ ಇಟ್ಟಿದೀಯಾ?" ಅವರ ಮುಖ ಸ್ವಲ್ಪ ಸಡಿಲವಾಯಿತು. "ಮುಂದಕ್ಕೇಳು."

ಹರ್ಷಿತಾಗೆ ಅಳು ಬರುವಂತಾಯಿತು. "ಜಿ. ಓ. ಆರ್. ಎ. ಕೆ. ಇ."

"ಗೊ... ರ... ಕೆ" ಎಂದರು ಅಜ್ಜಿ.

ಕಾಶಿನಾಥ ಫ್ಯಾನ್ ನೋಡತೊಡಗಿದ. ಜಾಫರ್ ಕೆಮ್ಮಿದರು.

"ಇನ್ನೂ ಐತಾ?"

"ಇದೆ" ಎಂದಳು ಹರ್ಷಿತಾ, ಇರುವೆಯ ದನಿಯಲ್ಲಿ. "ಬಿ. ಯು. ಎಲ್. ಎಲ್. ಇ. ಟಿ."

ಅಜ್ಜಿ ಪೂರ್ತಿ ಹಾಳೆಯನ್ನು ದೂರ ಹಿಡಿದು ಓದಿದರು. "ಅಜ್ಜಿ ಗೊರಕೆ ಬುಲೆಟ್. ಬುಲೆಟ್ಟು ಅಂದ್ರೆ? ಆ ಡಬ್ ಡಬ್ ಡಬ್ ಅನ್ನೋ ಬೈಕಾ?"

ಹರ್ಷಿತಾ ಹೌದೆಂದು ತಲೆ ಆಡಿಸಿದಳು.

"ನಾನು ಅಂಗೆ ಗೊರಕೆ ಒಡೀತೀನಾ ಕಾಶಿ?"

"ನಂಗೊತ್ತಿಲ್ಲ ಅಜ್ಜಿ. ನೀವು ಮಲಗೋದು ಮಧ್ಯಾಹ್ನ. ನಾನು ಬೆಳಗ್ಗೆ ಮಾತ್ರ ಬರೋದು."

ಜಾಫರ್ ತಡೆಯಲಾರದೆ ನಕ್ಕುಬಿಟ್ಟರು. ತಕ್ಷಣ "ಮಾಫ್ ಮಾಡಿ ಅಮ್ಮಾ" ಎಂದು ಬಾಯಿಗೆ ಕೈ ಇಟ್ಟುಕೊಂಡರು. ಅಜ್ಜಿಯ ತುಟಿಯೂ ಒಂದು ಕಡೆ ಸ್ವಲ್ಪ ಅಲ್ಲಾಡಿತು. ಆದರೆ ಹರ್ಷಿತಾಳ ಕಡೆ ತಿರುಗಿದಾಗ ಆ ನಗು ಅಲ್ಲಿರಲಿಲ್ಲ.

"ಬೈಕ್ ಅಂತ ಬೇಕಾರೆ ಅನ್ನು, ಲಾರಿ ಅಂತ ಬೇಕಾರೆ ಅನ್ನು" ಎಂದರು. "ಬೆಳಗ್ಗೆಯಿಂದ ನಾನು ನನ್ ಕೈಯನ್ನೇ ಬೈಕೊಂಡು ಕೂತಿದ್ದೆನಲ್ಲೇ. ನೀನು ನೋಡ್ಕೊಂಡು ನಿಂತಿದ್ಯಲ್ಲೇ."

ಹರ್ಷಿತಾ ತಲೆ ತಗ್ಗಿಸಿದಳು. ನಿನ್ನೆ ಕಿವಿ ಹಿಂಡಿದಾಗಲೂ ಇಷ್ಟು ಉರಿದಿರಲಿಲ್ಲ.

ಅಜ್ಜಿ ಹಾಳೆ ನೋಡಿಕೊಂಡು ಹದಿನಾರು ಅಕ್ಷರ ಒತ್ತಿದರು. ಫೈಲು ತೆರೆಯಿತು. ನಾಲ್ಕನೇ ನಂಬರಿನ ಚೇರು, ಕೊಡಿಗೇಹಳ್ಳಿಯ ಆನಂದಪ್ಪ, ಮೊನ್ನೆಗೇ ದಿನ ಮುಗಿದಿತ್ತು. ಫೋನ್ ಮಾಡಿದರೆ, "ನಾನು ಈಗ ನಡ್ಕೊಂಡೇ ಹಾಲು ತರ್ತೀನಿ ಕಣಮ್ಮ, ಯಾರನ್ನಾದ್ರೂ ಕಳ್ಸಿ" ಎಂದರು. ಜಾಫರ್ ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಆಟೋ ಸ್ಟಾರ್ಟ್ ಮಾಡಿದರು.

"ಮನೆಗೋಗೋ ಮುಂಚೆ ಅಮ್ಮನ್ನ ಈ ಕಡೆ ಕರ್ಕೊಂಡ್ ಬಾರಪ್ಪ. ಕಾಲಿಡೋ ಪ್ಲೇಟು ಸರಿ ಮಾಡ್ಕೊಡ್ತೀನಿ. ಎತ್ತರ ತಪ್ಪಿದ್ರೆ ಸೊಂಟ ಎಳೀತದೆ" ಎಂದು ಅಜ್ಜಿ ಹಿಂದೆಯೇ ಕೂಗಿದರು.

ಒಂದೂವರೆಗೆ ಆಟೋ ಮತ್ತೆ ಬಂತು. ಹಿಂದಿನ ಸೀಟಿನಲ್ಲಿ ಬಿಳಿ ದುಪಟ್ಟಾ ಹೊದ್ದ ಮುದುಕಿಯೊಬ್ಬರು ದಿಂಬು ಒರಗಿ ಕೂತಿದ್ದರು. ಮಡಚಿದ ಚೇರು ಅವರ ಪಕ್ಕದಲ್ಲಿತ್ತು. ಅಜ್ಜಿ ಅವರ ಮೊಣಕಾಲಿನಿಂದ ಪಾದದವರೆಗೆ ಗೇಣು ಹಾಕಿ ಅಳೆದರು. ಹರ್ಷಿತಾ ಚೇರನ್ನು ಕೆಳಗಿಳಿಸಿ, ಸ್ಪ್ಯಾನರ್ ಹಿಡಿದು ರಸ್ತೆಯಲ್ಲೇ ಮಂಡಿಯೂರಿ ಕೂತು ಪ್ಲೇಟನ್ನು ಎರಡು ತೂತು ಮೇಲೆ ಹಾಕಿದಳು.

"ಅಮ್ಮೀ, ಈ ಹುಡ್ಗೀನೇ ಫೈಲ್ ಓಪನ್ ಮಾಡಿಸಿದ್ದು" ಎಂದರು ಜಾಫರ್. ಯಾರು ಮುಚ್ಚಿದ್ದು ಎಂದು ಹೇಳಲಿಲ್ಲ.

ಆ ತಾಯಿ ಕೈ ಚಾಚಿ ಅವಳ ತಲೆ ಸವರಿದರು. "ಚೆನ್ನಾಗಿರು ಬೇಟಾ." ಹರ್ಷಿತಾ ತಲೆ ಎತ್ತಲಿಲ್ಲ. ಬಿಗಿಯಾಗಿಯೇ ಇದ್ದ ಬೋಲ್ಟನ್ನು ಇನ್ನೊಂದು ಸಲ ತಿರುಗಿಸಿದಳು.

ಆಟೋ ಹೋದ ಮೇಲೆ ಅಜ್ಜಿ ಒಳಗೆ ಬಂದು ಕಂಪ್ಯೂಟರಿನ ಮುಂದೆ ಕೂತರು. "ಟಿವಿ ಎರಡು ವಾರ ಇಲ್ಲ" ಎಂದರು, ಸ್ಕ್ರೀನ್ ನೋಡುತ್ತಲೇ.

"ಹೂಂ" ಎಂದಳು ಹರ್ಷಿತಾ.

ಅಜ್ಜಿ ಜಾಫರ್ ಹೆಸರು ಬರೆಯಲು ಬೆರಳು ಎತ್ತಿದರು. ಬೆರಳು ಕೀಬೋರ್ಡಿನ ಮೇಲೆ ಎಡದಿಂದ ಬಲಕ್ಕೆ ಹೋಯಿತು, ಮತ್ತೆ ಎಡಕ್ಕೆ ಬಂತು. ಜೆ ಅಕ್ಷರವನ್ನು ದಾಟಿ ಮುಂದೆ ಹೋಗಿ, ಕೆಳಗಿನ ಸಾಲಿಗೆ ಇಳಿಯಿತು. ಜೆ ಎಲ್ಲಿದೆ ಎಂದು ಹರ್ಷಿತಾಗೆ ಕಣ್ಣು ಮುಚ್ಚಿಕೊಂಡರೂ ಗೊತ್ತು. ಅವಳ ಕೈ ತಾನಾಗಿಯೇ ಮುಂದಕ್ಕೆ ಹೋಯಿತು.

ಅರ್ಧ ದಾರಿಯಲ್ಲಿ ಅದನ್ನು ವಾಪಸು ಎಳೆದುಕೊಂಡು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಳು.

ಬೆರಳು ಮತ್ತೆ ನಡುವಿನ ಸಾಲಿಗೆ ಬಂತು. ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು.

"ಆ... ಇಲ್ಲೈತೆ!" ಎಂದರು ಅಜ್ಜಿ.

ಟಕ್.