ಹೊಸ್ತಿಲಿಲ್ಲದ ಬಾಗಿಲು

"ಗರಗಸ ಕೆಳಗಿಡಿ."

ಶೆಡ್ಡಿನ ಬಾಗಿಲಲ್ಲಿ ಮಂಡಿಯೂರಿ ಕೂತಿದ್ದವನು ತಲೆ ಎತ್ತಲಿಲ್ಲ. ಗರಗಸ ಇನ್ನೆರಡು ಸಲ ಹೋಗಿ ಬಂತು.

"ನಿಮಗೇ ಹೇಳ್ತಿರೋದು. ಅರಿಶಿನ ಕುಂಕುಮ ಇಟ್ಟ ಹೊಸ್ತಿಲು ಅದು. ನಮ್ಮಪ್ಪ ನಿನ್ನೆ ಕೂರಿಸಿದ್ದು. ಕೊಯ್ಯಿ ಅಂತ ನಿಮಗೆ ಹೇಳಿದ್ಯಾರು?"

"ಬಸ್ಸು ಹೇಳ್ತು" ಎಂದ ಅವನು.

ಚಿನ್ನಮ್ಮ ತಿರುಗಿ ನೋಡಿದಳು. ಸಾಹುಕಾರ ಕೊಟ್ರಬಸಪ್ಪನವರ ಹೊಸ ಬಸ್ಸು ಒಳಗೆ ಹೋಗಲಾರದೆ ಅಂಗಳದಲ್ಲೇ ನಿಂತಿತ್ತು. ಗೇಣೆತ್ತರದ ಹೊನ್ನೆ ಮರದ ಹೊಸ್ತಿಲಿನ ಮೇಲೆ ಗಾಲಿ ಬಡಿದ ಕರಿಯ ಗುರುತು.

ಅಯ್ಯೋ ಅಪ್ಪಾ... ಬಸ್ಸು ಒಳಗೆ ಹೋಗಬೇಕು ಅನ್ನೋದನ್ನೇ ಮರೆತುಬಿಟ್ರಾ?

ಮೂರು ದಿನ ಅವಳು ಹೊರಗೆ ಕೂತಿದ್ದಳು, ಕೆಲಸದ ಹತ್ತಿರ ಸುಳಿಯುವ ಹಾಗಿರಲಿಲ್ಲ. ಆ ಮೂರು ದಿನದಲ್ಲಿ ಅಪ್ಪ ತನಗೆ ಸರಿ ಕಂಡಂತೆ ಮಾಡಿ ಮುಗಿಸಿದ್ದ.

ಮೂರ್ತಪ್ಪ ಶಿವಮೊಗ್ಗದಲ್ಲಿ ಮೂವತ್ತು ವರ್ಷ ಮನೆಬಾಗಿಲು ಮಾಡಿದ ಬಡಗಿ. ಊರಿಗೆ ಕಾರು, ಬಸ್ಸು ಬಂದಾಗ ಅವಕ್ಕೂ ಮನೆ ಬೇಕು, ಆ ಮನೆಗೂ ಬಾಗಿಲು ಬೇಕು ಎಂದು ಮೊದಲು ಕಂಡವಳು ಮಗಳು. ಹಗ್ಗ ಹಿಡಿದು ಬಸ್ಸಿನ ಅಳತೆ ತೆಗೆದವಳೂ ಅವಳೇ, ಬೀದಿಯವರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕದ್ದನ್ನು ಸಹಿಸಿದವಳೂ ಅವಳೇ.

ಈ ಶೆಡ್ಡಿನ ಬಾಗಿಲು ಮೆಚ್ಚುಗೆಯಾದರೆ ಊರೂರಲ್ಲಿರುವ ತಮ್ಮ ಇನ್ನೂ ಹನ್ನೊಂದು ಶೆಡ್ಡಿನ ಕೆಲಸ ಕೊಡುತ್ತೇನೆ ಎಂದಿದ್ದರು ಕೊಟ್ರಬಸಪ್ಪನವರು. "ಸಿಕ್ಕರೆ ಅಂಗಡಿ ನೀನೇ ನಡೆಸು. ಇಲ್ಲಾಂದ್ರೆ ಬಾಗಿಲು ಹಾಕಿ, ದಾವಣಗೆರೆ ಸಂಬಂಧಕ್ಕೆ ಹೂಂ ಅನ್ನಬೇಕು" ಎಂದಿದ್ದ ಅಪ್ಪ. 1938ರ ಆ ದಿನಗಳಲ್ಲಿ ಒಬ್ಬ ತಂದೆ ಅಷ್ಟು ಹೇಳಿದ್ದೇ ಹೆಚ್ಚು.

"ನೀವು ಯಾರು?" ಎಂದಳು ಚಿನ್ನಮ್ಮ.

"ಶೇಷಪ್ಪ. ಭದ್ರಾವತಿಯ ಕಮ್ಮಾರ. ಈ ಬಾಗಿಲಿಗೆ ಕೀಲು ಮಾಡಿದ್ದು ನಾನೇ."

ಅವಳಿಗೆ ಆ ಹೆಸರು ಗೊತ್ತಿತ್ತು. ಆರು ತಿಂಗಳಿಂದ ಅಪ್ಪನ ಹೆಸರಿನಲ್ಲಿ ಕಾಗದ ಬರೆದು ಕೀಲು, ಚಿಲಕ ತರಿಸುತ್ತಿದ್ದದ್ದು ಇವನಿಂದಲೇ. ಉತ್ತರ ನೋಡಿ ಯಾರೋ ಮುದುಕರು ಎಂದುಕೊಂಡಿದ್ದಳು. ಈಗ ನೋಡಿದರೆ... ಛೆ, ಇದನ್ನೆಲ್ಲ ನೋಡುವ ಹೊತ್ತೇ ಇದು?

"ಅಪ್ಪನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ಬೇಡ ಅಂತಿದ್ರು. ಇನ್ನರ್ಧ ಗಂಟೆಗೆ ಸಾಹುಕಾರ್ರು ಪೂಜೆಗೆ ಬರ್ತಾರೆ. ಊರೋರ ಎದುರು ಬಸ್ಸು ಎಡವಬೇಕಿತ್ತಾ?"

ಮಾತು ನಿಜ. ನಿಜವಾದ್ದರಿಂದಲೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಕಡಿದು ಬಿದ್ದಿದ್ದ ಹೊಸ್ತಿಲಿನ ತುಂಡೊಂದನ್ನು ಎದೆಗವಚಿ ಎತ್ತಿಕೊಂಡಳು.

"ಇನ್ನು ನಿಮ್ಮ ಕೀಲು ನಮಗೆ ಬೇಡ" ಎಂದವಳೇ ಹೊರಟುಹೋದಳು.

ತುಂಡನ್ನು ನೋಡಿದ ಮೂರ್ತಪ್ಪ ಅವತ್ತು ಊಟ ಮಾಡಲಿಲ್ಲ. "ಲಕ್ಷ್ಮಿ ಕೂರೋ ಜಾಗ ಕಣಮ್ಮ ಅದು" ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದ.

ಚಿನ್ನಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಬಾಗಿಲಿಗೆ ಹೋದಳು, ಒಳಗೆ ಬಂದಳು. ಉಜ್ಜಿ ಮುಗಿದ ಹಲಗೆಯನ್ನೇ ಮತ್ತೆ ಉಜ್ಜಿದಳು. ಸಂಜೆ ಬಸ್ಸಿನ ಡ್ರೈವರು ದಾರಿಯಲ್ಲಿ ಹೋಗುತ್ತಾ, "ಬಸ್ಸು ಸಲೀಸಾಗಿ ಒಳಗೆ ಹೋಯ್ತು. ಪೂಜೆ ಆದ್ಮೇಲೆ ಭದ್ರಾವತಿಯೋರು ಸಾಹುಕಾರ್ರ ಹತ್ರ ಬಾಳ ಹೊತ್ತು ಮಾತಾಡಿದ್ರು" ಎಂದ.

ಓಹೋ... ವಿಷಯ ಇದಾ? ಅಪ್ಪನ ತಪ್ಪು ತೋರಿಸಿ ಹನ್ನೊಂದು ಬಾಗಿಲನ್ನೂ ತಾನೇ ಹೊಡೆದುಕೊಳ್ಳುವ ಹುನ್ನಾರ. ನಂಬಿದ್ದೆನಲ್ಲ! ನಾನೆಂಥ ಪೆದ್ದಿ...

ಸಿಟ್ಟಿನ ಕೆಳಗೆ ಬೇರೊಂದು ನೋವಿತ್ತು. ಅದಕ್ಕೆ ಹೆಸರಿಡಲು ಅವಳಿಗೆ ಧೈರ್ಯ ಬರಲಿಲ್ಲ.

ಮರುದಿನ ಕೊಟ್ರಬಸಪ್ಪನವರೇ ಅಂಗಡಿಗೆ ಬಂದರು. ಚಿನ್ನಮ್ಮ ಹಲಗೆ ಬಿಟ್ಟು ಎದ್ದು ನಿಂತಳು.

"ಬಾಗಿಲು ಒಳ್ಳೇದಾಗಿದೆ ಆಚಾರ್ರೇ. ಹನ್ನೊಂದೂ ನಿಮಗೇ. ಒಂದೇ ಮಾತು... ಆ ಭದ್ರಾವತಿಯವನ ಸಹವಾಸ ಬೇಡ. ತಳದಲ್ಲಿ ಹೊಸ್ತಿಲ ಮರ ಹಾಕಿ ಅಂತ ತಾನೇ ನಿಮಗೆ ಕಾಗದ ಬರೆದಿದ್ದನಂತೆ. ತಪ್ಪು ತನ್ನದೇ ಅಂತ ಒಪ್ಪಿಕೊಂಡ. ಬೇರೆ ಕಮ್ಮಾರನ್ನ ನೋಡಿಕೊಳ್ಳಿ."

ಅಪ್ಪ ಮಗಳ ಮುಖ ನೋಡಿದ. ಮಗಳು ನೆಲ ನೋಡಿದಳು. ಅಂಥ ಕಾಗದ ಬಂದೇ ಇರಲಿಲ್ಲ.

ಸುಮ್ಮನಿದ್ದರೆ ಸಾಕಿತ್ತು. ಹನ್ನೊಂದು ಬಾಗಿಲು, ಅಂಗಡಿ, ಅವಳು ಬಯಸಿದ್ದೆಲ್ಲ ಕೈಗೆ ಬಂದಿತ್ತು. ಬಾಯಿ ಬಿಟ್ಟರೆ ಅಪ್ಪನ ಹೆಸರು ಹೋಗುತ್ತದೆ, ಅದರ ಹಿಂದೆಯೇ ಅಂಗಡಿಯೂ. ಆದರೆ ತಪ್ಪಿಲ್ಲದವನ ತಲೆಗೆ ತಪ್ಪು ಕಟ್ಟಿ ಬದುಕುವುದು ಹೇಗೆ?

"ಸಾಹುಕಾರ್ರೇ... ಅವರ ತಪ್ಪಲ್ಲ. ಹೊಸ್ತಿಲು ಇಟ್ಟಿದ್ದು ನಾವು. ಅವರು ನಮ್ಮ ಮಾನ ಉಳಿಸಿದ್ದಾರೆ."

ಮೂರ್ತಪ್ಪ ಕಣ್ಣು ಮುಚ್ಚಿದ. ಕೊಟ್ರಬಸಪ್ಪನವರ ಹುಬ್ಬು ಗಂಟಿಕ್ಕಿತು. "ಮತ್ತೆ ಉಳಿದ ಹನ್ನೊಂದಕ್ಕೂ ಹೊಸ್ತಿಲು ಇಡ್ತೀರೇನು ಆಚಾರ್ರೇ?"

"ಹೊಸ್ತಿಲಿಲ್ಲದ ಬಾಗಿಲು ನನ್ನ ಕೈಯಲ್ಲಿ ಆಗಲ್ಲ ಸ್ವಾಮಿ" ಎಂದ ಮೂರ್ತಪ್ಪ ಮೆಲ್ಲಗೆ.

ಎಲ್ಲ ಮುಗಿಯಿತು ಎನ್ನಿಸಿತು ಚಿನ್ನಮ್ಮನಿಗೆ. ಆದರೂ ಅಪ್ಪನ ಎದುರು ಹೋಗಿ ಕೂತಳು.

"ಅಪ್ಪಾ, ಒಂದು ಕೇಳ್ತೀನಿ. ದನದ ಕೊಟ್ಟಿಗೆಗೆ ಎಷ್ಟು ಬಾಗಿಲು ಮಾಡಿದೀರ?"

"ಲೆಕ್ಕ ಇಟ್ಟಿಲ್ಲ."

"ಒಂದಕ್ಕಾದ್ರೂ ಹೊಸ್ತಿಲು ಇಟ್ಟಿದ್ರಾ?"

"ಕೊಟ್ಟಿಗೆಗೆ ಯಾರಮ್ಮ ಹೊಸ್ತಿಲು ಇಡ್ತಾರೆ? ಕರು ಎಡವಲ್ವಾ..." ಮಾತು ಅಲ್ಲಿಗೇ ನಿಂತಿತು. ಮೂರ್ತಪ್ಪ ಮಗಳನ್ನೇ ನೋಡಿದ. "ಹೌದಲ್ಲೇ... ಇವರ ಬಸ್ಸೂ ದನವೇ. ದುಡಿಯುತ್ತೆ, ಬಂದು ಮಲಗುತ್ತೆ."

ಕೊಟ್ರಬಸಪ್ಪನವರು ಹೊಟ್ಟೆ ಹಿಡಿದು ನಕ್ಕರು. "ಅಂಗಡಿ ಇನ್ನು ಇವಳ ಕೈಗೆ ಕೊಟ್ಟುಬಿಡಿ ಮಾರಾಯ್ರೇ. ಕಮ್ಮಾರನೂ ಅವನೇ ಇರಲಿ."

ಮೂರ್ತಪ್ಪ ಎದ್ದು ಅಂಗಿ ಹಾಕಿಕೊಂಡ. "ನಡಿ ಚಿನ್ನಿ. ಭದ್ರಾವತಿಗೆ ರೈಲು ಇದೆ."

ರೈಲಿನಲ್ಲಿ ಅವಳು ಹತ್ತು ಸಲ ಸೆರಗು ಸರಿ ಮಾಡಿಕೊಂಡಳು. ಏನು ಹೇಳಲಿ? ಕ್ಷಮಿಸಿ ಅನ್ನಲೇ? ಅವರು ಮುಖ ತಿರುಗಿಸಿಬಿಟ್ಟರೆ?

ಕುಲುಮೆಯ ಮುಂದೆ ಶೇಷಪ್ಪ ಸುತ್ತಿಗೆ ಎತ್ತಿದವನು ಹಾಗೇ ನಿಂತ.

"ತಪ್ಪು ನಂದಪ್ಪ" ಎಂದ ಮೂರ್ತಪ್ಪ. ಇಬ್ಬರ ಮುಖವನ್ನೂ ಒಮ್ಮೆ ನೋಡಿ, "ಹೋಟ್ಲಲ್ಲಿ ಒಂದು ಕಾಫಿ ಕುಡಿದು ಬರ್ತೀನಿ" ಎಂದು ಹೊರಟೇಬಿಟ್ಟ. ಮನೆಯ ಹೊರಗೆ ನೀರನ್ನೂ ಮುಟ್ಟದ ಮನುಷ್ಯ!

"ಯಾಕೆ ಹಾಗೆ ಮಾಡಿದ್ರಿ?" ಅವಳ ಕಣ್ಣು ತುಂಬಿತ್ತು. "ನಿಮ್ಮ ಹೆಸರು ಹೋಗ್ತಿತ್ತಲ್ಲ..."

"ನೀವು ಆ ತುಂಡನ್ನ ಎತ್ಕೊಂಡು ಹೋದ್ರಲ್ಲ, ಅದನ್ನ ನೋಡಿದ ಮೇಲೆ ನಿಮ್ಮಪ್ಪನ ಹೆಸರು ಹೇಳೋಕೆ ಬಾಯಿ ಬರಲಿಲ್ಲ. ನನ್ನ ಹೆಸರಿಗೆ ಮಸಿ ಆದ್ರೆ ಏನು, ದಿನಾ ಮಸಿಯಲ್ಲೇ ಇರೋನು." ಕುಲುಮೆಯ ಕಡೆ ನೋಡಿದ. "ಆ ಕಾಗದಗಳ ಅಕ್ಷರ ನಿಮ್ಮದು ಅಂತ, ಅವನ್ನ ತಂದುಕೊಡ್ತಿದ್ದ ಡ್ರೈವರ್ ಹೇಳಿದ. ಅವನ್ನೆಲ್ಲ ಎತ್ತಿಟ್ಟಿದೀನಿ... ಅಳತೆಗೆ ಅಲ್ಲ."

ಅವಳ ಮುಖ ಕೆಂಪಾಯಿತು. ಆದರೂ ಹೇಳಬೇಕಾದ್ದನ್ನು ಹೇಳಿದಳು. "ಅಂಗಡಿ ನನ್ನ ಕೈಗೆ ಬಂದಿದೆ. ಮದುವೆ ಆದ್ರೂ ಅದನ್ನ ಬಿಟ್ಟು ನಾನು ಎಲ್ಲಿಗೂ ಬರೋಳಲ್ಲ. ಮೊದಲೇ ಹೇಳಿದೀನಿ."

ಶೇಷಪ್ಪ ಸುತ್ತಿಗೆ ಕೆಳಗಿಟ್ಟ.

"ಅಂಗಡಿ ಹಿಂದೆ ಒಂದು ಕುಲುಮೆ ಹಾಕೋಷ್ಟು ಜಾಗ ಇದೆಯಾ?"

"ಇದೆ" ಎಂದಳು.

"ಬೆಂಕಿ ಕೆಲಸ. ಹೊಗೆಗೆ ಗೋಡೆ ಕಪ್ಪಾಗುತ್ತೆ. ಬೈಯ್ತೀರೇನೋ."

"ಬೈತೀನಿ. ದಿನಾ ಬೈತೀನಿ."

"ಹಾಗಾದ್ರೆ ನಾಳೆನೇ ಬರ್ತೀನಿ" ಎಂದ ಅವನು.